ಹಲಗೆಯ ಮೇಲೆ ಅಡ್ಡಹೆಸರು

ಸಿಟ್ಟು ಬಂದರೆ ದ್ರಾಕ್ಷಾಯಣಿ ಕೂಗಾಡುವವಳಲ್ಲ, ಮೀನು ಹಿಡಿಯಲು ಹೋಗುವವಳು. ಟೌಪೊ ಊರಿಗೆ ಬಂದ ಐದು ವರ್ಷಗಳಲ್ಲಿ ಅವಳು ಹಿಡಿದ ಟ್ರೌಟ್ ಮೀನುಗಳನ್ನು ಯಾರಾದರೂ ಎಣಿಸಿದ್ದರೆ, ಅವಳಿಗೆ ಎಷ್ಟು ಸಲ ಸಿಟ್ಟು ಬಂದಿತ್ತೆಂಬುದೂ ತಿಳಿಯುತ್ತಿತ್ತು. ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳು ನರ್ಸು. ಬೆಳಗಿನ ಪಾಳಿ ಮುಗಿದದ್ದೇ ತಡ, ಯೂಟ್ ಎನ್ನುವ ತೆರೆದ ಪಿಕಪ್ ಗಾಡಿಯ ಹಿಂದೆ ಅಲ್ಯುಮಿನಿಯಂ ದೋಣಿ ಕಟ್ಟಿಕೊಂಡು ಕೆರೆಗೆ ಹೊರಡುವಳು. ನಲವತ್ತಾರು ವರ್ಷ, ಗಿಡ್ಡ ಮೈಕಟ್ಟು, ಕೈಯಲ್ಲಿ ಹಸಿರು ಬಳೆ, ತಲೆಗೆ ಉಣ್ಣೆಯ ಟೋಪಿ. ದೋಣಿ ಇಳಿಸುವ ಕಟ್ಟೆಯಲ್ಲಿ ಅಲ್ಲಿನ ಗಂಡಸರು ಮೊದಲ ವರ್ಷ ಅವಳನ್ನು ನೋಡಿ ನಕ್ಕರು, ಎರಡನೆಯ ವರ್ಷ ಅವಳ ಡಬ್ಬದಲ್ಲಿದ್ದ ಮೀನು ನೋಡಿ ಸುಮ್ಮನಾದರು, ಮೂರನೆಯ ವರ್ಷದಿಂದ ಅವಳ ದೋಣಿ ಎಲ್ಲಿ ನಿಂತರೆ ತಾವೂ ಅಲ್ಲೇ ಸುತ್ತತೊಡಗಿದರು.

ಕೆರೆ ಎಂದೆನಲ್ಲ, ನಮ್ಮ ಊರ ಮುಂದಿನ ಕೆರೆ ಎಂದುಕೊಳ್ಳಬೇಡಿ. ಆಚೆ ದಂಡೆ ಕಂಡರೆ ಕಂಡಿತು, ಮಂಜು ಬಿದ್ದರೆ ಅದೂ ಇಲ್ಲ. ದಕ್ಷಿಣಕ್ಕೆ ಹಿಮ ಹೊತ್ತ ಬೆಟ್ಟಗಳು, ನಡುವೆ ಎಷ್ಟು ಹಗ್ಗ ಬಿಟ್ಟರೂ ಸಾಲದ ನೀರು. ಉಳಿದವರೆಲ್ಲ ನೀರಡಿಯ ಮೀನು ತೋರಿಸುವ ಪರದೆಯನ್ನು ದೋಣಿಗೆ ಕಟ್ಟಿಕೊಂಡು ಅದನ್ನೇ ದಿಟ್ಟಿಸುತ್ತ ಕೂತರೆ, ದ್ರಾಕ್ಷಾಯಣಿ ಗಾಳದ ನೂಲನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚುವಳು. ಮೀನು ಮೂಸಿದರೆ ಒಂದು ಮಿಡಿತ, ಕಚ್ಚಿದರೆ ಇನ್ನೊಂದು. ಇದನ್ನು ಕಲಿಸಿದವನು ಅವಳ ಅಪ್ಪ. ಬೀಳಗಿ ಸೀಮೆಯಲ್ಲಿ, ಕೃಷ್ಣೆಯ ದಂಡೆಯಲ್ಲಿ, ಆಮೇಲೆ ಆಲಮಟ್ಟಿಯ ಹಿನ್ನೀರಿನಲ್ಲಿ ಊರೇ ಮುಳುಗಿ ಹೋಗುವ ತನಕ ಅವನು ದೋಣಿ ಹಾಕಿದವನು. ಹಗಲು ಜನ ದಾಟಿಸುವುದು, ಸಂಜೆ ಮೀನು ಹಿಡಿಯುವುದು. ದೋಣಿಯಲ್ಲಿ ಕೂತಾಗ ಯಾರೂ ಅವನ ಜಾತಿ ಕೇಳಲಿಲ್ಲ. ದಂಡೆಗೆ ಇಳಿದು ಅವನಿಗೆ ಬಾಯಾರಿದಾಗ ಮಾತ್ರ ನೀರನ್ನು ಮೇಲಿನಿಂದ ಬೊಗಸೆಗೆ ಸುರಿದರು. ಮಗಳು ಅದನ್ನು ನೋಡಿದ್ದಳು, ಮರೆತಿರಲಿಲ್ಲ.

ಅಪ್ಪನ ಬೀಸುಬಲೆಯನ್ನು ಅವಳು ಸೂಟ್‌ಕೇಸಿನಲ್ಲಿಟ್ಟುಕೊಂಡೇ ಈ ದೇಶಕ್ಕೆ ಬಂದವಳು. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಅದನ್ನು ಎರಡು ಬೆರಳಲ್ಲಿ ಎತ್ತಿ, ಔಷಧಿ ನೀರಲ್ಲಿ ತೊಳೆದು, ವಾರದ ಮೇಲೆ ವಾಪಸ್ ಕೊಟ್ಟರು. ಟೌಪೊಗೆ ಬಂದ ಮೊದಲ ಭಾನುವಾರ ಮೊಣಕಾಲು ನೀರಿಗಿಳಿದು ಅವಳು ಅದನ್ನು ಬೀಸಿಯೇಬಿಟ್ಟಳು. ಬಲೆ ಇನ್ನೂ ಮುಳುಗಿರಲಿಲ್ಲ, ಕೆರೆ ಕಾಯುವ ಅಧಿಕಾರಿ ಓಡಿ ಬಂದ. ಇಲ್ಲಿ ಟ್ರೌಟಿಗೆ ಬಲೆ ಹಾಕುವಂತಿಲ್ಲ, ಗಾಳ ಮಾತ್ರ. ಅದಕ್ಕೂ ಹೆಸರು ಬರೆಸಿದ ಲೈಸೆನ್ಸ್ ಬೇಕು, ಹಿಡಿದ ಮೀನನ್ನು ಮಾರುವಂತಿಲ್ಲ, ತಿನ್ನಬಹುದು, ಇಲ್ಲವೇ ಯಾರಿಗಾದರೂ ಕೊಡಬಹುದು ಎಂದು ತಿಳಿಹೇಳಿದ.

"ದೇವರ ನೀರಿಗೂ ಚೀಟಿ ಬೇಕೇನ್ರಿ?" ಎಂದು ಅವಳು ಕನ್ನಡದಲ್ಲೇ ಕೇಳಿದಳು. ಅವನಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ನಕ್ಕು, ಲೈಸೆನ್ಸ್ ಕೊಡುವ ಅಂಗಡಿ ತೋರಿಸಿದ. ಮರುದಿನವೇ ಹೋಗಿ ಬರೆಸಿದಳು: ದ್ರಾಕ್ಷಾಯಣಿ ಅಂಬಿಗೇರ. ಬಲೆ ಗ್ಯಾರೇಜಿನ ಗೋಡೆಗೆ ಏರಿತು.

ಈ ಅಂಬಿಗೇರ ಎನ್ನುವ ನಾಲ್ಕಕ್ಷರವೇ ಆ ಮನೆಯ ಜಗಳ.

ನಮ್ಮ ಉತ್ತರ ಕರ್ನಾಟಕದ ಮಂದಿಯ ಗುಣ ನಿಮಗೆ ಗೊತ್ತು. ಸಪ್ತ ಸಾಗರ ದಾಟಿ ಬಂದು ಮಾಲಿನಲ್ಲಿ ಎದುರಾದರೂ, ಕನ್ನಡ ಕಿವಿಗೆ ಬಿದ್ದೊಡನೆ "ಯಾವೂರು?" ಎಂದು ಕೇಳಿ, ಚಹಾ ತಣ್ಣಗಾಗುವುದರೊಳಗೆ "ಅಡ್ಡಹೆಸರು ಏನ್ರಿ?" ಎನ್ನುವವರು ನಾವು. ಅಡ್ಡಹೆಸರು ಸಿಕ್ಕರೆ ಜಾತಿ ಸಿಕ್ಕಿತು. ಜಾತಿ ಸಿಕ್ಕರೆ ತಟ್ಟೆ ಎಲ್ಲಿಡಬೇಕೆಂಬುದೂ ಸಿಕ್ಕಿತು. ದ್ರಾಕ್ಷಾಯಣಿಯ ಗಂಡ ನಂದೀಶನ ಅಡ್ಡಹೆಸರೂ ಹುಟ್ಟಿನಿಂದ ಅಂಬಿಗೇರ ಎಂದೇ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಜೊತೆಗೆ ಉಣ್ಣುತ್ತಿದ್ದ ಹುಡುಗನೊಬ್ಬ ಹಾಜರಿ ಪಟ್ಟಿಯಲ್ಲಿ ಆ ಹೆಸರು ನೋಡಿ, ಮರುದಿನ ತಟ್ಟೆ ಎತ್ತಿಕೊಂಡು ಬೇರೆ ಸಾಲಿಗೆ ಹೋಗಿದ್ದ. ನಂದೀಶ ಜಗಳವಾಡಲಿಲ್ಲ. ಅಫಿಡವಿಟ್ ಮಾಡಿಸಿ ಊರ ಹೆಸರನ್ನೇ ಹಚ್ಚಿಕೊಂಡ. ನಂದೀಶ ಬೀಳಗಿ. ಆ ಹೆಸರಿಂದ ಊರು ಗೊತ್ತಾಗುತ್ತದೆ, ಜಾತಿ ಗೊತ್ತಾಗುವುದಿಲ್ಲ. ಮದುವೆಯಾದಾಗ ದ್ರಾಕ್ಷಾಯಣಿಗೂ ಬದಲಿಸೆಂದ. ಅವಳು, ನರ್ಸಿಂಗ್ ಸರ್ಟಿಫಿಕೇಟಿನ ಮೇಲೆ ಅಪ್ಪನ ಹೆಸರಿದೆ, ಅದು ಅಲ್ಲೇ ಇರಲಿ ಎಂದಳು.

ಹೀಗಿರುವಾಗ ೨೦೦೯ರಲ್ಲಿ ಅವರು ಮೊದಲು ಬಂದಿಳಿದದ್ದು ಆಕ್ಲೆಂಡಿನ ಅಂಚಿನ ಪಾಪಕುರಾಕ್ಕೆ. ಅಲ್ಲಿ ಸಿಕ್ಕವರು ಮೃತ್ಯುಂಜಯ ಮತ್ತು ಅವನ ಹೆಂಡತಿ ರುದ್ರಾಣಿ. ಅವನು ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡವನು. ವಿಭೂತಿ, ಪೂಜೆ ತಪ್ಪದ ಮನೆ. ಮೀನು ಮಾಂಸದ ಸುದ್ದಿ ಬಾಗಿಲ ಹೊರಗೆ. "ಬೀಳಗಿಯವರಾ? ನಮ್ಮ ಅತ್ತಿ ತವರು ಬೀಳಗೀನ!" ಎಂದು ರುದ್ರಾಣಿ ಅಲ್ಲೇ ಅವರನ್ನು ತಮ್ಮ ಜಾತಿಯವರೆಂದು ತೀರ್ಮಾನಿಸಿಬಿಟ್ಟಳು. ಇಂಥ ತಪ್ಪು ನಮ್ಮವರು ಮಾತ್ರ ಮಾಡಬಲ್ಲರು. ನಂದೀಶ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಚಳಿಗಾಲ ದ್ರಾಕ್ಷಾಯಣಿಗೆ ನ್ಯುಮೋನಿಯಾ ಆಯಿತು. ಹದಿನೈದು ದಿನ ಮಳೆಯಲ್ಲಿ ಗಂಜಿ ಹೊತ್ತು ತಂದವಳು, ತಲೆ ಬಾಚಿದವಳು ರುದ್ರಾಣಿ. ಅಂಥವಳ ಮುಂದೆ ಬಾಯಿ ತೆರೆಯಲು ದ್ರಾಕ್ಷಾಯಣಿಗೆ ಆಗಲಿಲ್ಲ. ಒಡಹುಟ್ಟಿದ ಅಕ್ಕನಂತೆ ಪ್ರೀತಿಸಿದಳು, ಪ್ರೀತಿಸಿದಷ್ಟೂ ಬಾಯಿ ಕಟ್ಟಿತು.

ನೆಲದ ಬಿಸಿ ಉಗಿಯಿಂದ ಕರೆಂಟ್ ತೆಗೆಯುವ ಕಡೆ ನಂದೀಶನಿಗೆ ಕೆಲಸ ಸಿಕ್ಕು ಟೌಪೊಗೆ ಬಂದ ಮೇಲೂ ಹೋಗಿಬರುವುದು ನಿಲ್ಲಲಿಲ್ಲ. ರುದ್ರಾಣಿ ಬರುವಾಗ ಸ್ಟೀಲ್ ಡಬ್ಬಿ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುವಳು. ಖಾಲಿ ಡಬ್ಬಿ ತಿರುಗಿಸಬಾರದಲ್ಲ, ದ್ರಾಕ್ಷಾಯಣಿ ಶೇಂಗಾ ಉಂಡಿ ತುಂಬಿ ಕಳಿಸುವಳು. ಅವರು ಬರುವ ಹಿಂದಿನ ದಿನ ಫ್ರೀಜರಿನ ಮೀನೆಲ್ಲ ಪಕ್ಕದ ಮನೆ ಮುದುಕಿಯ ಫ್ರೀಜರಿಗೆ ವನವಾಸಕ್ಕೆ ಹೋಗುವುದು, ಮನೆತುಂಬ ಲೋಬಾನದ ಹೊಗೆ ಏಳುವುದು. ದೋಣಿಯ ಮೇಲೆ ತಾಡಪಾಲು. "ಕಳ್ಳಿ ಮಾಡಿಟ್ಟೀರಿ ನನ್ನ" ಎಂದು ಅವಳು ಗಂಡನಿಗೆ ಹೇಳದ ಸಲವಿಲ್ಲ.

ಒಂದು ದಿನ ಪಾಪಕುರಾದಲ್ಲಿ ಊಟಕ್ಕೆ ಕೂತಿದ್ದಾಗ ಮೃತ್ಯುಂಜಯ, ತಾನು ಕೆಲಸ ಕಲಿಸಿದ ಹುಡುಗನೊಬ್ಬ ಬೇರೆ ಕೆಲಸ ಸಿಕ್ಕೊಡನೆ ಫೋನು ಕೂಡ ಮಾಡಲಿಲ್ಲವೆಂದು ಬೇಸರಿಸಿದ. "ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕ ಅಂದಂಗಾತ ನೋಡ್ರಿ!" ಎಂದ. ಎಲ್ಲರೂ ನಕ್ಕರು. ಅದರಲ್ಲಿ ನಂಜೇನೂ ಇರಲಿಲ್ಲ, ಬಾಯಿಗೆ ಬಂದ ಗಾದೆ ಅಷ್ಟೆ. ಆದರೆ ನಂದೀಶನೂ ನಕ್ಕ. ಅದನ್ನು ಮಾತ್ರ ದ್ರಾಕ್ಷಾಯಣಿ ಕ್ಷಮಿಸಲಿಲ್ಲ. ಆ ವಾರ ಅವಳು ಹಿಡಿದ ಮೀನನ್ನು ನೆರೆಹೊರೆಯ ಆರು ಮನೆಯವರಿಗೂ ತಿಂದು ಮುಗಿಸಲಾಗಲಿಲ್ಲ.

೨೦೧೫ರ ಈಸ್ಟರ್ ಬಂತು. ಊರಿನ ಸಣ್ಣ ಮೀನುಗಾರರ ಕ್ಲಬ್ಬೊಂದು ಪ್ರತಿ ಈಸ್ಟರ್ ಶನಿವಾರ ಪಂದ್ಯ ಇಡುತ್ತದೆ. ಅತಿ ಭಾರದ ಟ್ರೌಟ್ ಹಿಡಿದವರ ಪೂರ್ತಿ ಹೆಸರನ್ನು ಕ್ಲಬ್ಬಿನ ಮರದ ಹಲಗೆಯ ಮೇಲೆ ಬರೆಯುತ್ತಾರೆ. ಬಹುಮಾನ ಅಷ್ಟೇ, ಆದರೆ ಆ ಹಲಗೆಗೆ ನಲವತ್ತು ವರ್ಷ. ಅದೇ ಶನಿವಾರ ಆಕ್ಲೆಂಡಿನಿಂದ ಮೃತ್ಯುಂಜಯನ ಮನೆಯವರೂ ಇನ್ನೆರಡು ಕನ್ನಡ ಕುಟುಂಬಗಳೂ ಟೌಪೊ ನೋಡಲು ಹೊರಟಿದ್ದವು.

"ಈ ವರ್ಷ ಒಂದ ಬಿಟ್ಟಬಿಡು," ಎಂದ ನಂದೀಶ.

"ಯಾಕ?"

"ಅವರು ಬರಾಕತ್ತಾರ."

"ಬರ್ಲಿ ಬಿಡ್ರಿ. ಕೆರಿ ದೊಡ್ಡದೈತಿ, ಎಲ್ಲಾರಿಗೂ ಜಾಗ ಸಾಕಾಗತೈತಿ."

ನಂದೀಶ ಇನ್ನೊಂದು ದಾರಿ ತೆಗೆದ. "ಮೀನ ಹಿಡೀ. ಹಾಬಿ ಅಂತ ಹೇಳಿದ್ರಾತು, ಇಲ್ಲಿ ಎಲ್ಲಾರೂ ಹಿಡೀತಾರ. ಆದ್ರ ಹೆಸರು ಕೇಳಿದ್ರ ಬೀಳಗಿ ಅನ್ನು. ಇದೊಂದ ಸರ್ತಿ."

ದ್ರಾಕ್ಷಾಯಣಿ ಗಾಳಕ್ಕೆ ಗಂಟು ಹಾಕುತ್ತಿದ್ದವಳು ತಲೆ ಎತ್ತಿದಳು. "ಅಂದ್ರ ಬೀಳಗಿಯಾಕಿ ಹಿಡಿದ್ರ ಹಾಬಿ, ಅಂಬಿಗೇರಾಕಿ ಹಿಡಿದ್ರ ಕುಲಕಸುಬು. ಅದ ಮೀನು, ಅದ ಕೈ. ಹಂಗೇನ್ರಿ?"

ನಾಚಿಕೆಯಿದ್ದದ್ದು ಅವನ ಮುಖದಲ್ಲಿ ಕಂಡಿತು, ಅದಕ್ಕಿಂತ ದೊಡ್ಡದಾಗಿ ಹೆದರಿಕೆ ಕಂಡಿತು. ಆ ಹಾಸ್ಟೆಲಿನ ತಟ್ಟೆ ಇನ್ನೂ ಅವನ ಕಣ್ಣ ಮುಂದಿನಿಂದ ಸರಿದಿರಲಿಲ್ಲ. ಅವಳಿಗೆ ಪಾಪವೆನಿಸಿತು. ಆದರೆ ಅಪ್ಪನ ಬೊಗಸೆಯೂ ಅವಳ ಕಣ್ಣ ಮುಂದೆ ಇತ್ತು.

ಶನಿವಾರ ನಂದೀಶ ಬಂದವರನ್ನೆಲ್ಲ ಜಲಪಾತಕ್ಕೂ ಬಿಸಿನೀರಿನ ಕೊಳಕ್ಕೂ ಕರೆದೊಯ್ದ. ದ್ರಾಕ್ಷಾಯಣಿಗೆ ಡ್ಯೂಟಿ ಎಂದು ಹೇಳಿದ. ದ್ರಾಕ್ಷಾಯಣಿ ಬೆಳಗಿನ ಮಂಜಿನಲ್ಲೇ ನೀರಿಗಿಳಿದಿದ್ದಳು. ಮೊದಲು ಸಿಕ್ಕದ್ದು ಎರಡು ಕಿಲೋದ ಹೊಳೆಯುವ ಮೀನು. ಪಂದ್ಯವಿದ್ದರೂ ಅದನ್ನು ನೀರಿಗೇ ಬಿಟ್ಟಳು. ದಿನದ ಮೊದಲ ಮೀನು ಗಂಗವ್ವನದು, ಅವಳ ಅಪ್ಪನ ದೋಣಿಯ ನಿಯಮ ಅದು. "ನಿಂದು ನಿನಗ ಯವ್ವಾ" ಎಂದು ಕೈ ಮುಗಿದಳು. ಪಕ್ಕದ ದೋಣಿಯವನು ತಲೆ ತಲೆ ಚಚ್ಚಿಕೊಂಡ. ಆಮೇಲೆ ಮೂರು ತಾಸು ಏನೂ ಇಲ್ಲ. ಬೆರಳು ಸೆಟೆದುಹೋಯಿತು. ಹನ್ನೊಂದರ ಹೊತ್ತಿಗೆ, ನೂಲು ಎಷ್ಟು ಆಳದಲ್ಲಿದೆಯೆಂದು ಅವಳೇ ಮರೆತಿದ್ದಾಗ, ಬೆರಳ ತುದಿಯಲ್ಲಿ ಯಾರೋ ಮೆಲ್ಲಗೆ ಬಾಗಿಲು ತಟ್ಟಿದಂತಾಯಿತು. ಅವಳು ಉಸಿರು ಹಿಡಿದಳು, ಎಳೆಯಲಿಲ್ಲ. ಎರಡನೆಯ ಸಲ ತಟ್ಟಿದಾಗಲೂ ಎಳೆಯಲಿಲ್ಲ. ಮೂರನೆಯದಕ್ಕೆ ಎಳೆದಳು. ದೋಣಿಯ ಮೂತಿಯೇ ತಿರುಗಿತು. ಇಪ್ಪತ್ತು ನಿಮಿಷ ಅವಳು ನೂಲು ಬಿಟ್ಟಳು, ಸುತ್ತಿದಳು, ಬಿಟ್ಟಳು, ಬೈದಳು, ಬೇಡಿಕೊಂಡಳು. ಕೈಬಲೆಗೆ ಬಂದಾಗ ಅದು ಬಲೆಯಿಂದ ಅರ್ಧ ಹೊರಗೇ ಇತ್ತು.

ಕ್ಲಬ್ಬಿನ ತಕ್ಕಡಿಯಲ್ಲಿ ಮೂರು ಕಿಲೋ ಒಂಬೈನೂರು ಗ್ರಾಂ ತೂಗಿತು. ಕಾರ್ಯದರ್ಶಿ ಬ್ಯಾರಿ, ಬಿಳಿ ಗಡ್ಡದ ಮುದುಕ, ಲೈಸೆನ್ಸ್ ನೋಡಿ ಕಾರ್ಡಿನ ಮೇಲೆ ಹೆಸರು ಬರೆದುಕೊಂಡ. ದ್ರಾಕ್ಷಾಯಣಿ ದೋಣಿ ತೊಳೆಯಲು ಹೋದಳು. ಅಷ್ಟರಲ್ಲಿ ನಂದೀಶ, ಕೆರೆಯ ದಂಡೆಯಲ್ಲೇ ಉಣ್ಣೋಣವೆಂದು ಹಟ ಹಿಡಿದ ಅತಿಥಿಗಳನ್ನು ಹುಲ್ಲಿನ ಮೇಲೆ ಊಟಕ್ಕೆ ಕೂರಿಸಿ, ತಾನೊಬ್ಬನೇ ತಕ್ಕಡಿಯಿದ್ದ ಕ್ಲಬ್ಬಿನ ಶೆಡ್ಡಿಗೆ ಹೋಗಿ, ನನ್ನ ಹೆಂಡತಿ ಈಗ ಬೀಳಗಿ ಎಂಬ ಹೆಸರಿನಲ್ಲಿದ್ದಾಳೆ, ದಯವಿಟ್ಟು ತಿದ್ದಿಕೊಳ್ಳಿ ಎಂದು ಬ್ಯಾರಿಗೆ ಹೇಳಿಬಂದ. ಗಂಡನೇ ಬಂದು ಹೇಳಿದ ಮೇಲೆ ಬ್ಯಾರಿ ಯಾಕೆ ಅನುಮಾನಿಸಿಯಾನು, ತಿದ್ದಿಕೊಂಡ.

ನಾಲ್ಕು ಗಂಟೆಗೆ ಧ್ವನಿವರ್ಧಕ ಕಿರುಚಿತು. ಜನ ಸೇರಿದ್ದು ಕಂಡು ಮೃತ್ಯುಂಜಯನ ಗುಂಪೂ ಎದ್ದುಬಂತು. ಉಣ್ಣೆ ಟೋಪಿ ಹಾಕಿ, ಮೀನಿನ ಪೊರೆ ಅಂಟಿದ ಏಪ್ರನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದ ದ್ರಾಕ್ಷಾಯಣಿಯನ್ನು ನೋಡಿ ರುದ್ರಾಣಿ ಮೊದಲು ಗುರುತಿಸಲೇ ಇಲ್ಲ. ಗುರುತಿಸಿದ ಮೇಲೆ ಸೆರಗನ್ನು ಮೂಗಿಗೆ ಹಿಡಿಯಹೋಗಿ ಅರ್ಧಕ್ಕೇ ಕೈ ಇಳಿಸಿದಳು.

"ಹಾಬಿ ಅಕ್ಕಾರ, ಇಲ್ಲೆ ಎಲ್ಲಾರೂ..." ಎಂದು ನಂದೀಶ ಶುರುಮಾಡಿದ.

ಬ್ಯಾರಿ ಕಾರ್ಡು ಎತ್ತಿ ಕೂಗಿದ. ಈ ವರ್ಷದ ಮೊದಲ ಸ್ಥಾನ, ಮಿಸೆಸ್ ಬೀಳಗಿ!

ಚಪ್ಪಾಳೆ ಎದ್ದಿತು. ದ್ರಾಕ್ಷಾಯಣಿ ಏಳಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಬ್ಯಾರಿ ಮತ್ತೆ ಕೂಗಿದ. ಜನ ತಿರುಗಿ ನೋಡಿದರು. ಅವಳು ಬೆಂಚಿನ ಮೇಲೆ ಎರಡೂ ಕೈ ಊರಿ ಕೂತೇ ಇದ್ದಳು. ನಂದೀಶ ಬಾಗಿ, ಕಿವಿಯ ಹತ್ತಿರ, "ಏಳ, ಏಳ ಮಾರಾಯ್ತಿ, ಕೈ ಮುಗೀತೀನಿ" ಎಂದ. ಅವಳು ಅವನನ್ನು ನೋಡಿದಳು. ಶೆಡ್ಡಿಗೆ ಹೋಗಿಬಂದದ್ದು ಅವನ ಮುಖದಲ್ಲೇ ಬರೆದಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ಮೇಲೆ ಅಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ. ಈ ಸಲ ಮಾತ್ರ ಕೆರೆಗೆ ಓಡಿಹೋಗುವ ಹಾಗಿರಲಿಲ್ಲ.

ಮೂರನೆಯ ಸಲ ಬ್ಯಾರಿ ಕರೆದಾಗ ಅವಳು ಕೂತಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳಿದಳು, ಆ ಹೆಸರಿನವಳು ಇಲ್ಲಿ ಯಾರೂ ಇಲ್ಲ.

ಬ್ಯಾರಿ ಕಕ್ಕಾಬಿಕ್ಕಿಯಾದ. ಹಾಗಾದರೆ ಮೀನು ಹಿಡಿದವರು ಯಾರು ಎಂದು ಕೇಳಿದ.

ಆಗ ಎದ್ದಳು. ಏಪ್ರನ್ನು ಬಿಚ್ಚಲಿಲ್ಲ, ಟೋಪಿ ತೆಗೆಯಲಿಲ್ಲ. "ದ್ರಾಕ್ಷಾಯಣಿ ಅಂಬಿಗೇರ. ಲೈಸೆನ್ಸಿನಲ್ಲಿ ಇರುವುದೇ ನನ್ನ ಹೆಸರು. ಹಲಗೆಯ ಮೇಲೂ ಅದೇ ಬರೆಯಬೇಕು. ನನ್ನ ಅಪ್ಪ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ, ಮೀನು ಹಿಡಿಯುತ್ತಿದ್ದ. ಆ ಹೆಸರಿನ ಅರ್ಥವೂ ಅದೇ" ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ತನ್ನವರ ಕಡೆ ತಿರುಗಿದಳು.

"ಮೃತ್ಯುಂಜಯಣ್ಣಾರ, ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕ ಅಂದಿದ್ರಿ. ಆ ಅಂಬಿಗನ ಮಗಳು ನಾನ ನೋಡ್ರಿ. ನಿಮ್ಮ ಹಂಗಿನ್ಯಾಗೂ ಇಲ್ಲ, ಯಾರ ಹಂಗಿನ್ಯಾಗೂ ಇಲ್ಲ."

ಅಲ್ಲಿನವರಿಗೆ ಕನ್ನಡದ ಮಾತು ಅರ್ಥವಾಗದಿದ್ದರೂ ಜೋರಾಗಿ ಚಪ್ಪಾಳೆ ಹೊಡೆದರು. ಬ್ಯಾರಿ ಕಾರ್ಡಿನ ಮೇಲೆ ಗೀಟು ಎಳೆದು ಮತ್ತೆ ಬರೆದ. ಕನ್ನಡದವರಲ್ಲಿ ಯಾರೂ ಕೈ ತಟ್ಟಲಿಲ್ಲ. ಮೃತ್ಯುಂಜಯ ಕಾರಿನ ಕೀಲಿ ತೆಗೆದು, ಮಳೆ ಬರೋ ಹಂಗೈತಿ, ಹೊರಡೋಣ ಎಂದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ರುದ್ರಾಣಿ ಮಾತ್ರ ಹಿಂದೆ ಉಳಿದಳು. ದ್ರಾಕ್ಷಾಯಣಿ ಕೈ ತೊಳೆದು ಯೂಟಿನ ಹತ್ತಿರ ನಿಂತಿದ್ದಳು.

"ಆರು ವರ್ಷ ನನ್ನ ಅಡಗಿಮನಿಯೊಳಗ ಕುಂತು ಉಂಡಿ. ನನಗ ಒಂದ ಮಾತ ಹೇಳಬಾರದಾಗಿತ್ತ?" ಎಂದಳು ರುದ್ರಾಣಿ.

"ಹೇಳಬೇಕಿತ್ತು ಅಕ್ಕಾರ. ತಪ್ಪಾತು. ಮುಚ್ಚಿಟ್ಟಿದ್ದು ತಪ್ಪು. ಅಂಬಿಗೇರಾಕಿ ಆಗಿದ್ದು ತಪ್ಪಲ್ಲ."

ದ್ರಾಕ್ಷಾಯಣಿ ಯೂಟಿನಿಂದ ಸ್ಟೀಲ್ ಡಬ್ಬಿ ತೆಗೆದಳು. ಹಿಂದಿನ ಸಲ ರುದ್ರಾಣಿ ಬಿಟ್ಟುಹೋಗಿದ್ದ ಡಬ್ಬಿ. ನಿನ್ನೆಯೇ ಉಂಡಿ ಕಟ್ಟಿ ತುಂಬಿದ್ದಳು. ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಇಷ್ಟು ದಿನ ಈ ಕೈಯಾಗಿನ ಉಂಡೀನ ತಿಂದೀರಿ. ಕೈ ಬದಲಾಗಿಲ್ರಿ. ತೊಗೊಂಡ್ರ ತೊಗೋರಿ, ಬ್ಯಾಡಂದ್ರ ಬ್ಯಾಡ. ನಾ ಮಾತ್ರ ತಲಿ ತಗ್ಗಸಂಗಿಲ್ಲ."

ಕಾರಿನ ಹಾರ್ನ್ ಎರಡು ಸಲ ಕೂಗಿತು. ರುದ್ರಾಣಿ ಡಬ್ಬಿ ತೆಗೆದುಕೊಂಡಳು. ಹಿಂದೆ ನೋಡದೆ ಹೋದಳು.

ಮನೆಯಲ್ಲಿ ನಾಲ್ಕು ವಾರ ಮಾತಿಲ್ಲ. ಅವನು ಬಡಿಸಿಕೊಂಡು ಉಂಡ, ಅವಳು ಬಡಿಸಿಕೊಂಡು ಉಂಡಳು. ಪಾಪಕುರಾದಿಂದ ಫೋನ್ ಬರಲಿಲ್ಲ. ಬಸವ ಜಯಂತಿಗೆ ಪ್ರತಿ ವರ್ಷ ಬರುತ್ತಿದ್ದ ಕರೆಯೂ ಬರಲಿಲ್ಲ. ಕ್ಲಬ್ಬಿನಲ್ಲಿ ಹಲಗೆಯ ಮೇಲೆ ಹೊಸ ಬಣ್ಣದಲ್ಲಿ ಹೆಸರು ಎದ್ದಿತು. ದ್ರಾಕ್ಷಾಯಣಿ ಹೋಗಿ ನೋಡಿ, ಬೆರಳಿನಿಂದ ಒಮ್ಮೆ ಸವರಿ ಬಂದಳು. ಅವಳಿಗೆ ಹೆಮ್ಮೆಯಾಯಿತು. ರುದ್ರಾಣಿಯ ನೆನಪಾಗಿ ದಾರಿಯಲ್ಲಿ ಅತ್ತಳು. ಎರಡೂ ನಿಜ.

ಐದನೆಯ ವಾರ ನಂದೀಶ ಕಂಪನಿ ಕೆಲಸದ ಮೇಲೆ ಆಕ್ಲೆಂಡಿಗೆ ಹೋಗಿ ಬಂದವನು ಅಡಿಗೆಮನೆಯ ಕಟ್ಟೆಯ ಮೇಲೆ ಅದೇ ಸ್ಟೀಲ್ ಡಬ್ಬಿ ಇಟ್ಟ. ಮೃತ್ಯುಂಜಯ ಬಾಗಿಲಲ್ಲೇ ಕೊಟ್ಟನಂತೆ, ಒಳಗೆ ಕರೆಯಲಿಲ್ಲವಂತೆ. ದ್ರಾಕ್ಷಾಯಣಿ ಮುಚ್ಚಳ ತೆಗೆದಳು. ತೊಳೆದು ಒರೆಸಿದ ಡಬ್ಬಿ. ಒಳಗೆ ಒಂದು ರೊಟ್ಟಿ ಚೂರಿಲ್ಲ, ಒಂದು ಬೆಲ್ಲದ ಹರಳಿಲ್ಲ. ನಮ್ಮ ಕಡೆ ಡಬ್ಬಿ ಖಾಲಿ ಬಂದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ನೋಡಿದ್ಯಾ?" ಎಂದ ನಂದೀಶ. ಬೈಯುವ ದನಿಯಲ್ಲ, ಸೋತ ದನಿ. "ಇದ ಆಗತೈತಿ ಅಂತನ ನಾ ಹೆದರಿದ್ದು."

ಅವಳು ಖಾಲಿ ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಣಲೆ ಒಲೆಗೇರಿಸಿ ಶೇಂಗಾ ಹುರಿಯತೊಡಗಿದಳು.

"ಏನ ಮಾಡಾಕತ್ತೀ?"

"ಡಬ್ಬಿ ಬಂದೈತಲ್ರಿ. ತುಂಬಿ ಕಳಸಬೇಕಲ್ಲ."

"ಹುಚ್ಚಿ ಏನ ನೀ? ಮತ್ತ ಖಾಲಿನ ಬರತೈತಿ."

"ಬರ್ಲಿ. ಬಂದಷ್ಟ ಸಲ ತುಂಬತೀನಿ. ಖಾಲಿ ತಿರುಗಿಸೂದು ಅವರಿಗೆ ಒಪ್ಪತೈತಿ, ಅಂಬಿಗೇರ ಮನ್ಯಾಗ ಆ ಪದ್ಧತಿ ಇಲ್ಲ. ನೀವ ಒಯ್ದು ಕೊಡಬೇಕು, ನೋಡ್ರಿ ಮತ್ತ. ಬಾಗಿಲಾಗ ನಿಂತ ಕೊಡ್ರಿ, ತಲಿ ಎತ್ತಿ ಕೊಡ್ರಿ."

ಶೇಂಗಾ ಸಿಪ್ಪೆ ಹಾರಿಸಿ, ಬೆಲ್ಲ ಕೂಡಿಸಿ ಕುಟ್ಟಿ, ಬಿಸಿ ಇರುವಾಗಲೇ ಉಂಡಿ ಕಟ್ಟಿದಳು. ನಂದೀಶ ಕುರ್ಚಿಯಲ್ಲಿ ಕೂತು ಆ ಕೈಯನ್ನೇ ನೋಡುತ್ತಿದ್ದ. ತೋರುಬೆರಳ ಮೇಲೆ ನೂಲು ಕೊರೆದ ಗೆರೆ ಇತ್ತು; ಇಷ್ಟು ವರ್ಷ ಅವನು ಅದನ್ನು ಗಮನಿಸಿರಲೇ ಇಲ್ಲ. ಮುಚ್ಚಳ ಹಾಕಿ ಅವಳು ಅದರ ಮೇಲೆ ಅಂಟುಪಟ್ಟಿ ಹಚ್ಚಿದಳು. ಇಲ್ಲಿ ನಾಲ್ಕು ಮನೆಯವರು ಸೇರಿ ಉಣ್ಣುವಾಗ ಡಬ್ಬಿ ಅದಲುಬದಲಾಗದಂತೆ ಎಲ್ಲರೂ ಹಾಗೆ ಹೆಸರು ಹಚ್ಚುತ್ತಾರೆ. ಪೆನ್ನು ತೆಗೆದು ಕನ್ನಡದಲ್ಲಿ ದೊಡ್ಡದಾಗಿ ಬರೆದಳು: ದ್ರಾಕ್ಷಾಯಣಿ ಅಂಬಿಗೇರ.

ನಂದೀಶ ಎದ್ದು ಬಂದ. ಡಬ್ಬಿಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಅವಳ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ, ಇಪ್ಪತ್ತೈದು ವರ್ಷ ಬರೆಯದ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬರೆದ: ನಂದೀಶ ಅಂಬಿಗೇರ.